ಬಲಗಡೆ ಕೂತವಳು

ಬಫಲೋ ಪೌಂಡ್ ಕ್ಯಾಂಪು
ಸೆಪ್ಟೆಂಬರ್ ೧೦

ಪ್ರೀತಿಯ ಡಾರ್ಕಾ,

ನೀನು ಹೇಳಿದ ಹಾಗೆ ನಿಮ್ಮಪ್ಪನನ್ನು ಹೊಲದಿಂದ ಎಬ್ಬಿಸಿಕೊಂಡು ಬಂದಿದ್ದೇನೆ. ಹೊರಟು ಇನ್ನೂ ವಾರವಾಗಿಲ್ಲ, ನನಗೆ ಆಗಲೇ ಸಾಕಾಗಿ ಹೋಗಿದೆ. ಗಾಡಿಯ ಹಿಂದೆ ಕಟ್ಟಿಕೊಂಡು ಬಂದ ಈ ಟ್ರೇಲರ್ ಮನೆಯ ಹಾಸಿಗೆಗೂ ನನ್ನ ಸೊಂಟಕ್ಕೂ ಆಗಿಬರುವುದಿಲ್ಲ. ಬೆಳಿಗ್ಗೆ ಎದ್ದರೆ ಕಿಟಕಿಯ ಒಳಮೈಯಲ್ಲಿ ನೀರು ಇಳಿಯುತ್ತಿರುತ್ತದೆ, ಕಾಫಿ ಕಾಯುವಷ್ಟರಲ್ಲಿ ಬೆರಳು ಮರಗಟ್ಟಿರುತ್ತವೆ.

ಈ ತಿಂಗಳಲ್ಲಿ ಕ್ಯಾಂಪಿಗೆ ಬರುವವರೆಲ್ಲ ನಮ್ಮಂಥವರೇ. ಮಕ್ಕಳೆಲ್ಲ ಶಾಲೆಗೆ ವಾಪಸಾದ ಮೇಲೆ ಮಿಕ್ಕ ಬಿಳಿತಲೆಗಳು. ಸಂಜೆ ಮಡಚುವ ಕುರ್ಚಿ ಹಾಕಿಕೊಂಡು, ಹೊಸದಾಗಿ ಬಂದವರು ಟ್ರೇಲರನ್ನು ಹಿಂದಕ್ಕೆ ಹೊಡೆದು ಜಾಗಕ್ಕೆ ತೂರಿಸುವುದನ್ನು ನೋಡುತ್ತಾ ಕೂರುವುದೇ ಇವರಿಗೆ ಮನರಂಜನೆ. ನಮ್ಮ ಸರದಿಯೂ ಬಂತು. ನಿಮ್ಮಪ್ಪ ಹಿಂದೆ ಮುಂದೆ ಮಾಡಿ ಮಾಡಿ, ಕೊನೆಗೆ ಬಲಗಡೆ ಇದ್ದ ನಲ್ಲಿಯ ಕಂಬಕ್ಕೆ ಉಜ್ಜಿಯೇ ಬಿಟ್ಟ.

"ಯಾರಿಟ್ರು ಇದನ್ನ ಇಲ್ಲಿ?" ಅಂದ.

"ತಪ್ಪಾಯ್ತು ಮಾರಾಯ, ನಿನ್ನ ಕೇಳಿ ಇಡ್ಬೇಕಿತ್ತು," ಅಂದೆ.

ಸುತ್ತ ಕೂತವರೆಲ್ಲ ನಕ್ಕರು, ಅವನೂ ನಕ್ಕ. ನನಗೆ ಮಾತ್ರ ನಗು ಬರಲಿಲ್ಲ.

ಪಕ್ಕದ ಟ್ರೇಲರಿನವನು ಬಂದು ಕೈಕುಲುಕಿ, "ರಿಟೈರಾ?" ಎಂದು ಕೇಳಿದ. "ಇಲ್ಲ, ರೈತ. ಸ್ವಲ್ಪ ರಜೆ," ಅಂದ ನಿಮ್ಮಪ್ಪ. "ಸುಗ್ಗೀಲಿ ರಜೆ ಹಾಕೋ ರೈತನ್ನ ಈಗ್ಲೇ ನೋಡಿದ್ದು ನಾನು," ಅಂದ ಆ ಮನುಷ್ಯ. ನಿಮ್ಮಪ್ಪ ಅವನ ಜೊತೆ ಆಮೇಲೆ ಮಾತಾಡಿಲ್ಲ. ದಾರಿಯಲ್ಲಂತೂ ಯಾರದೋ ಹೊಲದ ಬದಿಗೆ ನಿಲ್ಲಿಸಿ, ಇಳಿದು, ತೆನೆ ಉಜ್ಜಿ ಒಂದು ಕಾಳು ಬಾಯಿಗೆ ಹಾಕಿ ಕಡಿಯುತ್ತಾನೆ. "ಇನ್ನೂ ಹಸಿ. ಆತುರ ಬಿದ್ದು ಕಟಾವಿಗೆ ಇಳಿದವ್ನೆ ಪೆದ್ದ," ಎಂದು ನನಗೆ ವರದಿ ಒಪ್ಪಿಸುತ್ತಾನೆ. ನಾನು ತಲೆಯಾಡಿಸುತ್ತೇನೆ.

ಫೋನ್ ಮಾಡುವ ಬದಲು ಕಾಗದ ಯಾಕೆ ಅಂದರೆ, ಫೋನ್ ಹಿಡಿದರೆ ಸಾಕು, ಅವನು ಕೈಯಿಂದ ಕಿತ್ತುಕೊಂಡು ನಿನ್ನ ಹತ್ತಿರ ಕಾಳಿನ ತೇವ ಎಷ್ಟು ಅಂತ ಶುರು ಮಾಡುತ್ತಾನೆ. ನೀನೂ ಕಾಗದವನ್ನೇ ಬರಿ. ಮುಂದಿನ ಊರು ವಾಲ್ ಮರೀ, ಅಲ್ಲಿನ ಅಂಚೆ ಕಚೇರಿಗೆ ನನ್ನ ಹೆಸರು ಹಾಕಿ, ಬಂದು ತೆಗೆದುಕೊಳ್ಳುತ್ತಾರೆ ಎಂದು ಮೇಲೆ ಬರೆದರೆ ಇಟ್ಟುಕೊಂಡಿರುತ್ತಾರೆ. ಸ್ಟಾಂಪು ತರುತ್ತೇನೆ ಎಂದು ಹೇಳಿ ನಾನೊಬ್ಬಳೇ ಒಳಗೆ ಹೋಗುತ್ತೇನೆ.

ನೀನು ಕೊಟ್ಟ ಪಾರ್ಕಿನ ಪಾಸನ್ನು ಅವನು ಎಲ್ಲರಿಗೂ ತೋರಿಸುತ್ತಾನೆ. "ಮಗಳು ಕೊಡ್ಸಿದ್ಲು, ಹೋಗಿ ಆರಾಮಾಗಿರಿ ಅಂದ್ಲು," ಅನ್ನುತ್ತಾನೆ. ಹೋದ ವರ್ಷ ಕಣಜದ ಹತ್ತಿರ ನಡೆದದ್ದಕ್ಕೆ ಈ ಪಾಸು ಅಂತ ಅವನಿಗೆ ಅನುಮಾನವೂ ಇಲ್ಲ. ಕಾಳಿನ ಲಾರಿಯನ್ನು ಹಿಂದಕ್ಕೆ ತಂದು, ಕಣಜಕ್ಕೆ ಕಾಳು ಏರಿಸುವ ಕೊಳವೆಯನ್ನು ಅವನು ಜಜ್ಜಿ ಹಾಕಿದಾಗ ನೀನು ಕಣಜದ ಏಣಿಗೆ ಜಿಗಿಯದೆ ಇದ್ದಿದ್ದರೆ ಎಂದು ಯೋಚನೆ ಬರುತ್ತದೆ. ಅಲ್ಲಿಂದ ಮುಂದಕ್ಕೆ ನಾನು ಯೋಚಿಸುವುದಿಲ್ಲ. ಅವನು ಲಾರಿಯಿಂದ ಇಳಿದು ಬರುವಷ್ಟರಲ್ಲಿ ನೀನು ಏಣಿ ಬಿಟ್ಟು ಈಚೆ ಬಂದು ನಿಂತು "ಬ್ರೇಕ್ ಹಿಡೀಲಿಲ್ವಾ ಅಪ್ಪ?" ಅಂದೆ. ನಾನೂ ಹೂಂ ಅಂದೆ. ಅವನು ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡ.

ಕೊನೆಯ ಹೊಲ ಕಟಾವಾಗುವವರೆಗೆ ಇಟ್ಟುಕೊಂಡಿರುತ್ತೇನೆ ಅಂತ ಮಾತು ಕೊಟ್ಟಿದ್ದೇನೆ, ಇಟ್ಟುಕೊಂಡಿರುತ್ತೇನೆ. ಬೇಗ ಮುಗಿಸು.

ಅಮ್ಮ


ಮನೆಯಿಂದ
ಸೆಪ್ಟೆಂಬರ್ ೧೫

ಅಮ್ಮಾ,

ಕಟಾವು ಯಂತ್ರದೊಳಗೇ ಕೂತು ಬರೆಯುತ್ತಿದ್ದೇನೆ. ವೇಡ್ ಲಾರಿ ಖಾಲಿ ಮಾಡಿಕೊಂಡು ಬರುವವರೆಗೆ ಸಮಯವಿದೆ. ಮದುವೆಯಾದಾಗ ಗೇರ್ ಹಾಕಲು ಬಾರದ ನನ್ನ ಗಂಡ ಈಗ ಲಾರಿಯನ್ನು ಚೆನ್ನಾಗಿಯೇ ಓಡಿಸುತ್ತಾನೆ, ಅಪ್ಪನಿಗೆ ಹೇಳಬೇಡ.

ಗೋಧಿ ಮುಗಿಯಿತು. ಬಾರ್ಲಿ ಅರ್ಧ ಆಗುವಷ್ಟರಲ್ಲಿ ಮಳೆ ಬಂತು. ಅಗಸೆ ಇನ್ನೂ ಹಸಿರಾಗಿದೆ. ಹಾಗಾಗಿ ಹೇಳಿದ್ದಕ್ಕಿಂತ ಎರಡು ವಾರ ಜಾಸ್ತಿಯೇ ಆಗಬಹುದು. ನಿನಗೆ ಕಷ್ಟವಾಗುತ್ತದೆ, ಗೊತ್ತು. ಆದರೂ ಕೇಳುತ್ತಿದ್ದೇನೆ.

ನಿಜ ಹೇಳಲಾ? ಅಪ್ಪ ಇಲ್ಲದ ಸುಗ್ಗಿ ನನಗೆ ಹಗುರವಾಗಿದೆ. ಯಾವ ಹೊಲ ಮೊದಲು, ಯಾವುದು ಆಮೇಲೆ ಅಂತ ನಾನೇ ತೀರ್ಮಾನ ಮಾಡುತ್ತೇನೆ. ತಪ್ಪಾದರೆ ನನ್ನದೇ ತಪ್ಪು. ಬೆನ್ನ ಹಿಂದೆ ಪಿಕಪ್ ನಿಲ್ಲಿಸಿಕೊಂಡು ಯಾರೂ ನೋಡುತ್ತಿರುವುದಿಲ್ಲ. ಲಾರಿಯ ಬ್ರೇಕ್ ಮಾತ್ರ ಎಷ್ಟು ಚೆನ್ನಾಗಿದೆ ಅಂದರೆ, ಬೆರಳು ಇಟ್ಟರೆ ನಿಲ್ಲುತ್ತದೆ. ಅದನ್ನು ಸರಿ ಮಾಡುತ್ತೇನೆ ಅಂತ ಅಪ್ಪ ಚಳಿಗಾಲವೆಲ್ಲ ಲಾರಿಯ ಕೆಳಗೆ ಮಲಗಿದ್ದನಲ್ಲ. ಅದನ್ನು ತುಳಿದಾಗಲೆಲ್ಲ ನನಗೆ ನಾಚಿಕೆಯಾಗುತ್ತದೆ.

ಅಪ್ಪನಿಗೆ ಹೇಳಬೇಕು ಅಂತ ಎಷ್ಟು ಸಲ ಅಡುಗೆಮನೆಗೆ ಬಂದಿದ್ದೇನೋ. ಟೀ ಕುಡಿದು ವಾಪಸ್ ಹೋಗಿದ್ದೇನೆ. ನಿನಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ಲಾರಿ ಹತ್ತಬೇಡ ಅಂತ ಆ ಮನುಷ್ಯನಿಗೆ ಯಾವ ಬಾಯಲ್ಲಿ ಹೇಳಲಿ? ಹೇಳಿದರೆ ಅವನು ಮೂಲೆಗೆ ಕೂತುಬಿಡುತ್ತಾನೆ. ನೀನೂ ಹೇಳಬೇಡ ಅಮ್ಮ. ಅವನು ಸುಖವಾಗಿ ತಿರುಗಾಡಿಕೊಂಡು ಬರಲಿ.

ವೇಡ್ ಬಂದ. ಸೊಂಟಕ್ಕೆ ಬಿಸಿನೀರಿನ ಚೀಲ ಕೊಂಡುಕೋ.

ಡಾರ್ಕಾ


ವಾಲ್ ಮರೀ, ಹುಲ್ಲುಗಾವಲು ಪಾರ್ಕು
ಸೆಪ್ಟೆಂಬರ್ ೨೧

ಡಾರ್ಕಾ,

ನಿನ್ನ ಕಾಗದ ಇಲ್ಲಿ ಸಿಕ್ಕಿತು. ಚೀಲ ಕೊಂಡಿಲ್ಲ, ಅಂಗಡಿಯಲ್ಲಿ ಇರಲಿಲ್ಲ.

ಇಲ್ಲಿಗೆ ಬರುವ ದಾರಿಯಲ್ಲಿ ನಡೆದದ್ದನ್ನು ಬರೆಯಬಾರದು ಅಂದುಕೊಂಡಿದ್ದೆ. ಬರೆಯುತ್ತೇನೆ. ಮಧ್ಯಾಹ್ನ, ಬೇಕಾದಷ್ಟು ಬೆಳಕಿತ್ತು, ರಸ್ತೆ ನೆಟ್ಟಗೆ. ಬಲಗಡೆ, ನಾನು ಕೂರುವ ಬದಿಯ ಅಂಚಿನಲ್ಲಿ ಒಬ್ಬಳು ಹೆಂಗಸು ಕುದುರೆ ಹಿಡಿದುಕೊಂಡು ನಡೆದು ಹೋಗುತ್ತಿದ್ದಳು. ನಾನು ಅವಳನ್ನು ದೂರದಿಂದಲೇ ನೋಡಿದ್ದೆ. ಅವನೂ ನೋಡಿದ್ದಾನೆ ಅಂದುಕೊಂಡೆ. ಗಾಡಿ ನಿಧಾನವಾಗಲಿಲ್ಲ, ಆ ಕಡೆಗೇ ವಾಲುತ್ತಾ ಹೋಯಿತು. "ನೆಸ್ಟರ್, ಕುದುರೆ," ಎಂದು ಕೂಗಿಕೊಂಡೆ. ಅವನು ತಿರುಗಿಸಿದ. ಹಿಂದಿನ ಟ್ರೇಲರ್ ಒಂದು ಸಲ ಬಾಲ ಬೀಸಿ ನೆಟ್ಟಗಾಯಿತು. ಕನ್ನಡಿಯಲ್ಲಿ ನೋಡಿದೆ. ಹೆಂಗಸು ಚರಂಡಿಯಲ್ಲಿ ನಿಂತಿದ್ದಳು, ಕುದುರೆ ಬೆದರಿ ಮುಂಗಾಲೆತ್ತಿ ನಿಂತಿತ್ತು. ಇಬ್ಬರಿಗೂ ಏನೂ ಆಗಿರಲಿಲ್ಲ.

"ಹಂಗ್ ಕಿರುಚಿದ್ರೆ ಯಾರ್ ಕೈಯಾದ್ರೂ ನಡುಗುತ್ತೆ," ಅಂದ ನಿಮ್ಮಪ್ಪ. "ಎಲ್ಲಿತ್ತು ಕುದುರೆ?"

ಎಲ್ಲಿತ್ತು ಅಂತ ಅವನು ನನ್ನನ್ನು ಕೇಳಿದ, ಡಾರ್ಕಾ.

ಆವತ್ತಿನಿಂದ ನಾನು ಬಲಗಡೆಯ ಕಿಟಕಿಯನ್ನು ಬಿಟ್ಟು ಬೇರೇನೂ ನೋಡಿಲ್ಲ. "ನೋಡಲ್ಲಿ, ಒಂದು ಬೋರ್ಡು." "ಅಯ್ಯೋ, ಎಷ್ಟು ಚೆನ್ನಾಗಿದೆ ಆ ಟ್ರಾಕ್ಟರು." ಹೀಗೆ ಹಲ್ಲು ಬಿಟ್ಟುಕೊಂಡು ಮಾತಾಡಿ ಮಾತಾಡಿ ದಾರಿ ತೋರಿಸುತ್ತಿದ್ದೇನೆ. ಅವನಿಗೆ ನಾನು ಪ್ರವಾಸ ಅನುಭವಿಸುತ್ತಿದ್ದೇನೆ ಅಂತ ಖುಷಿ. ಕತ್ತು ಒಂದೇ ಕಡೆ ಹಿಡಿದುಕೊಂಡಿದೆ. ಈ ಪಾರ್ಕಿಗೆ ಜನ ಕಾಡೆಮ್ಮೆ ನೋಡಲು ಎಲ್ಲೆಲ್ಲಿಂದಲೋ ಬರುತ್ತಾರೆ. ಎಡಗಡೆಯ ದಿಬ್ಬದ ಮೇಲೆ ದೊಡ್ಡ ಹಿಂಡೇ ಇತ್ತಂತೆ. ಅವನು ನೋಡಿದ. ನಾನು ನೋಡಲಿಲ್ಲ.

ನಿನ್ನೆ ಹುಲ್ಲಿನ ಮೇಲೆ ಕೂತಿದ್ದಾಗ ಒಂದು ವಿಷಯ ಹೊಳೆಯಿತು. ಹೊಳೆದ ಮೇಲೆ ಏಳಲಾಗಲಿಲ್ಲ. ಅಂಗಳದಿಂದ ಕಣಜದವರೆಗೆ ಲಾರಿ ಓಡಿಸಬಾರದು ಅಂತ ನೀನು ಅವನನ್ನು ಹೊಲದಿಂದ ದೂರ ಕಳಿಸಿದೆ. ಅಂಥವನ ಪಕ್ಕದಲ್ಲಿ ನನ್ನನ್ನು ಕೂರಿಸಿ, ಗಾಡಿಯ ಹಿಂದೊಂದು ಟ್ರೇಲರ್ ಕಟ್ಟಿ, ಇಡೀ ಬಯಲು ಸುತ್ತಿಕೊಂಡು ಬಾ ಅಂದೆ. ನಾನು ಯಾರ ಪಕ್ಕದಲ್ಲಿ ಕೂತಿರುತ್ತೇನೆ ಅಂತ ನಿನಗೆ ಹೊಳೆಯಲಿಲ್ಲವಾ? ನನಗೇ ಹೊಳೆಯಲಿಲ್ಲ, ಇನ್ನು ನಿನ್ನನ್ನು ಏನು ಬಯ್ಯಲಿ. ಆದರೂ ಕೋಪ ಬಂದಿದೆ. ಬಂದದ್ದನ್ನು ಬಚ್ಚಿಡಲು ನನ್ನ ಹತ್ತಿರ ಈಗ ಶಕ್ತಿಯಿಲ್ಲ.

ನೀನೇ ಓಡಿಸು ಅಂತೀಯ, ಗೊತ್ತು. ಹೊಲದಲ್ಲಿ ನಾನು ಓಡಿಸದ ಗಾಡಿಯಿಲ್ಲ. ಆದರೆ ಮದುವೆಯಾದಾಗಿನಿಂದ ಹೆದ್ದಾರಿಯಲ್ಲಿ ಅವನು ಪಕ್ಕದಲ್ಲಿರುವಾಗ ನಾನು ಸ್ಟೀರಿಂಗ್ ಹಿಡಿದವಳಲ್ಲ. ನಮ್ಮ ಕಡೆಯ ಯಾವ ಹೆಂಗಸು ಹಿಡಿದಿದ್ದಾಳೆ ಹೇಳು. ಇವತ್ತು ಹಿಡಿದರೆ ಯಾಕೆ ಅಂತ ಹೇಳಬೇಕಾಗುತ್ತದೆ.

ಮುಂದಿನ ಕಾಗದ ಮೇಪಲ್ ಕ್ರೀಕಿಗೆ ಹಾಕು. ತುಂಬ ದಣಿದಿದ್ದೇನೆ.

ಅಮ್ಮ


ಮನೆಯಿಂದ
ಸೆಪ್ಟೆಂಬರ್ ೨೬

ಅಮ್ಮಾ,

ನಿನ್ನ ಕಾಗದವನ್ನು ರಸ್ತೆ ಬದಿಯ ಅಂಚೆ ಡಬ್ಬಿಯ ಹತ್ತಿರವೇ ನಿಂತು ಓದಿದೆ. ಆಮೇಲೆ ಎಷ್ಟು ಹೊತ್ತು ಅಲ್ಲೇ ನಿಂತಿದ್ದೆನೋ, ವೇಡ್ ಬಂದು ಕರೆದ.

ಹೊಳೆಯಲಿಲ್ಲ ಅಮ್ಮ. ನೀನು ಜೊತೆಯಲ್ಲಿರುತ್ತೀಯ, ನೀನು ನೋಡಿಕೊಳ್ಳುತ್ತೀಯ ಅಂತಷ್ಟೇ ತಲೆಯಲ್ಲಿತ್ತು. ನಿನ್ನನ್ನು ನೋಡಿಕೊಳ್ಳುವವರು ಯಾರು ಅಂತ ಯೋಚನೆ ಮಾಡಲೇ ಇಲ್ಲ. ಇದಕ್ಕೆ ಏನು ಬರೆದರೂ ಸಾಲದು.

ಮೇಪಲ್ ಕ್ರೀಕಿನಲ್ಲಿ ಈ ಕಾಗದ ಸಿಕ್ಕಿದ ಕೂಡಲೇ ಅಲ್ಲೇ ನಿಂತುಬಿಡಿ. ವೇಡ್ ಬಂದು ಗಾಡಿ ಓಡಿಸಿಕೊಂಡು ಬರುತ್ತಾನೆ. ಟ್ರೇಲರಿನ ಚಕ್ರ ಸರಿಯಿಲ್ಲ ಅಂತಲೋ, ನಿನಗೆ ಹುಷಾರಿಲ್ಲ ಅಂತಲೋ ಅಪ್ಪನಿಗೆ ಏನಾದರೂ ಹೇಳು. ಇಲ್ಲಿಗೆ ಬಂದ ಮೇಲೆ ಲೈಸೆನ್ಸ್ ಕಚೇರಿಗೆ ನಾನೇ ಒಂದು ಅರ್ಜಿ ಕೊಟ್ಟು ಕಣ್ಣು ಪರೀಕ್ಷೆಗೆ ಕರೆಸುವ ಹಾಗೆ ಮಾಡುತ್ತೇನೆ. ಹೊರಗಿನವರು ಹೇಳಿದರೆ ಅವನು ಅವರನ್ನು ಬೈದುಕೊಂಡು ಸುಮ್ಮನಾಗುತ್ತಾನೆ. ಅದೇ ವಾಸಿ ಅಲ್ಲವಾ?

ಅಗಸೆ ಇನ್ನೂ ನಿಂತಿದೆ. ಅದರ ಚಿಂತೆ ನಿನಗೆ ಬೇಡ.

ಡಾರ್ಕಾ


ಸಸ್ಕಾಚೆವಾನ್ ಲ್ಯಾಂಡಿಂಗ್ ಕ್ಯಾಂಪು
ಅಕ್ಟೋಬರ್ ೪

ಡಾರ್ಕಾ,

ನಿನ್ನ ಕಾಗದ ಸಿಕ್ಕಿತು. ವೇಡ್ ಬರುವುದು ಬೇಡ ಎಂದು ಅಂಗಡಿಯ ಫೋನಿನಿಂದ ಅವನಿಗೇ ಹೇಳಿದ್ದೆ, ನಿನಗೆ ಹೇಳಿರಬೇಕು. ಇನ್ನೊಂದು ಸುಳ್ಳು ಕಟ್ಟಿಕೊಂಡು ನನ್ನಿಂದ ತಿರುಗಲಾಗುವುದಿಲ್ಲ. ಇರುವುದನ್ನು ಹೊರುವುದೇ ಸಾಕಾಗಿದೆ.

ಇಲ್ಲಿ ಕ್ಯಾಂಪಿನಲ್ಲಿ ನೀರು ನಿಲ್ಲಿಸಿದ್ದಾರೆ, ನಮ್ಮನ್ನು ಬಿಟ್ಟರೆ ಇನ್ನೊಂದು ಟ್ರೇಲರ್ ಇದೆ. ಭಾನುವಾರ ಹತ್ತಿರದ ಊರಿನ ಚರ್ಚಿನಲ್ಲಿ ಸುಗ್ಗಿಯೂಟ. ಬಿಸಿ ಊಟದ ಆಸೆಗೆ ಹೋದೆವು. ನಮ್ಮ ಊರಿನ ಹಾಗೆಯೇ ಉದ್ದನೆಯ ಮೇಜು, ಟರ್ಕಿ ಕೋಳಿ, ಆಲೂಗಡ್ಡೆ, ಅನ್ನ ತುಂಬಿ ಸುತ್ತಿದ ಹೊಲುಬ್ತ್ಸಿ ಕೂಡ ಮಾಡಿದ್ದರು. ಕೋಸಿನ ಎಲೆ ಸರಿಯಾಗಿ ಬೆಂದಿರಲಿಲ್ಲ. ಎದುರಿಗೆ ಹೆಲ್ಗಾ ಫ್ರೀಸೆನ್ ಅಂತ ಒಬ್ಬಳು ಕೂತಿದ್ದಳು. ಗಂಡ ತೀರಿಹೋಗಿ ಒಬ್ಬಳೇ ಬೇಸಾಯ ಮಾಡುತ್ತಾಳೆ, ನನ್ನ ವಯಸ್ಸೇ ಇರಬೇಕು, ಗಂಟಲು ಮಾತ್ರ ಇಡೀ ಹಾಲಿಗೆ ಕೇಳುತ್ತದೆ.

"ನನ್ ಲಾರಿಯವ್ನು ಎಣ್ಣೆ ಬಾವಿ ಕೆಲ್ಸ ಸಿಕ್ತು ಅಂತ ಓಡೋದ," ಅಂದಳು. "ಕಡಲೆ ಹೊಲದಲ್ಲೇ ನಿಂತಿದೆ, ಹಿಮ ಬಿದ್ರೆ ಹೋಯ್ತು. ಇಲ್ಲಿ ಕೈಕಾಲು ನೆಟ್ಟಗಿರೋ ಗಂಡಸ್ರು ಯಾರಾದ್ರೂ ಇದ್ದೀರಾ? ಊಟ ಹಾಕ್ತೀನಿ, ಬೈಗುಳ ಬಿಟ್ಟಿ."

ನಿಮ್ಮಪ್ಪ ಫೋರ್ಕ್ ಕೆಳಗಿಟ್ಟ. "ನಾನ್ ಬರ್ತೀನಿ. ನಾಳೆ ಎಷ್ಟೊತ್ತಿಗೆ?"

ಅವನ ಮುಖ ನೋಡಬೇಕಿತ್ತು. ಮನೆ ಬಿಟ್ಟ ಮೇಲೆ ಆ ಮುಖ ನಾನು ನೋಡಿರಲಿಲ್ಲ. ಹೆಲ್ಗಾ ಎದ್ದು ಬಂದು ಅವನ ಬೆನ್ನಿಗೊಂದು ಗುದ್ದಿದಳು. ಅವಳ ಅಂಗಳದಲ್ಲೂ ಕಣಜ ಇರುತ್ತದೆ, ಕೊಳವೆ ಇರುತ್ತದೆ, ಅದರ ಪಕ್ಕದಲ್ಲಿ ಅವಳೇ ನಿಂತಿರುತ್ತಾಳೆ.

ಹೊರಗೆ ಬಂದಾಗ ಬಿಸಿಲು ಇನ್ನೂ ಇತ್ತು. ಗಾಡಿಯ ಬೀಗದ ಕೈ ನನ್ನ ಚೀಲದಲ್ಲಿತ್ತು. ನಾನು ಹೋಗಿ ಎಡಗಡೆಯ ಬಾಗಿಲು ತೆಗೆದು ಸ್ಟೀರಿಂಗಿನ ಮುಂದೆ ಕೂತೆ.

"ಓರಿಸ್ಯಾ, ಬಾಗ್ಲು ತಪ್ತಾ?" ಅಂದ ನಗುತ್ತಾ.

"ಇಲ್ಲ. ನೀನ್ ಆ ಕಡೆ ಕೂತ್ಕೋ."

"ಯಾಕೆ, ಏನಾಯ್ತು?"

"ನಿಂಗೆ ಬಲಗಡೆ ಕಾಣ್ಸಲ್ಲ ನೆಸ್ಟರ್."

ಅವನು ಬಾಗಿಲು ಹಿಡಿದುಕೊಂಡು ನಿಂತ. ಯಾರೋ ಗಂಡ ಹೆಂಡತಿ ಬರ್ತೀವಿ ಎಂದು ಹೇಳಿ ಹೋದರು, ಇವನೂ ಆಗಲಿ ಅಂದ. ಅವರು ಹೋದ ಮೇಲೆ, "ಯಾರಂದ್ರು?" ಅಂದ.

"ನಾನಂತಿದೀನಿ. ಕುದುರೆ ಕಾಣ್ಲಿಲ್ಲ ನಿಂಗೆ. ನಲ್ಲಿ ಕಂಬ ಕಾಣ್ಲಿಲ್ಲ. ಹೋದ್ವರ್ಷ ಕೊಳವೆ ಕಾಣ್ಲಿಲ್ಲ."

"ಹೋದ್ವರ್ಷ ಬ್ರೇಕು."

"ಬ್ರೇಕು ಸರಿಯಾಗೇ ಇತ್ತು."

"ಎರಡು ಸಲ ಬದ್ಲಾಯ್ಸಿದೆ ನಾನು," ಅಂದ.

"ಗೊತ್ತು."

"ನೀನು ಟಾರ್ಚ್ ಹಿಡ್ಕೊಂಡು ನಿಂತಿದ್ದೆ."

"ಹೌದು. ಹಿಡ್ಕೊಂಡು ನಿಂತಿದ್ದೆ."

ಅವನು ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ಮುಂದಿನಿಂದ ಸುತ್ತಿಕೊಂಡು ಬಂದು, ಬಲಗಡೆಯ ಬಾಗಿಲು ತೆಗೆದು, ನಾನು ಕೂರುವ ಜಾಗದಲ್ಲಿ ಕೂತ. ಸೀಟು ಅವನ ಮಂಡಿಗೆ ಸಾಲದು, ಹಿಂದಕ್ಕೆ ಸರಿಸುವ ಹಿಡಿ ಎಲ್ಲಿದೆ ಎಂದೂ ಅವನಿಗೆ ಗೊತ್ತಿರಲಿಲ್ಲ. ನಾನು ಬಗ್ಗಿ ಸರಿಸಿಕೊಟ್ಟೆ. ಕ್ಯಾಂಪಿನ ಗೇಟು ಬಂತು. ಅಲ್ಲಿ ಕೇಳಿದ, "ತಾಗಿದ್ದು ಕೊಳವೆಗೆ ಮಾತ್ರ ತಾನೆ? ಅಲ್ಲಿ ಯಾರೂ ಇರ್ಲಿಲ್ಲ ತಾನೆ?"

ನಾನು ಇಳಿದು ಗೇಟು ತೆಗೆಯಲು ಹೋದೆ. ಅವನು ಎರಡನೇ ಸಲ ಕೇಳಲಿಲ್ಲ.

ಹೆಲ್ಗಾಳ ಹೊಲಕ್ಕೆ ಹೋದೆವು, ಕೊಟ್ಟ ಮಾತು ತಪ್ಪಬಾರದು ಅಂತ ಅವನೇ ಎಬ್ಬಿಸಿದ. ಲಾರಿ ನಾನು ಹತ್ತಿದೆ. "ಕೇಳಿದ್ದು ಒಬ್ರನ್ನ, ಬಂದಿದ್ದು ಇಬ್ರು. ಕೋಳಿ ಇನ್ನೊಂದು ಕುಯ್ಬೇಕು," ಅಂದಳು ಹೆಲ್ಗಾ, ಕಾರಣ ಕೇಳಲಿಲ್ಲ. ನಿಮ್ಮಪ್ಪ ಕಣಜದ ಹತ್ತಿರ ನಿಂತು ಮೊದಲಿನ ಹಾಗೆಯೇ ಕೈಸನ್ನೆ ಮಾಡುತ್ತಾನೆ. ಬಾ, ಬಾ, ಸ್ವಲ್ಪ ಎಡಕ್ಕೆ, ಮುಷ್ಟಿ ಎತ್ತಿದರೆ ನಿಲ್ಲು. ಮುಖ ಮಾತ್ರ ನನ್ನ ಕಡೆ ಎತ್ತುವುದಿಲ್ಲ. ಲಾರಿ ಹತ್ತಿ ಇಳಿದು ನನ್ನ ಮಂಡಿ ಊದಿಕೊಂಡಿದೆ. ಆದರೂ ಕಿಟಕಿಯ ಕಾವಲು ಕಾಯುವುದಕ್ಕಿಂತ ಇದು ಎಷ್ಟೋ ವಾಸಿ.

ನನ್ನ ಪಾಲಿನದನ್ನು ನಾನು ಹೇಳಿದ್ದೇನೆ. ಅಲ್ಲಿ ಯಾರಿದ್ದರು ಅನ್ನುವುದನ್ನು ನಾನು ಹೇಳುವುದಿಲ್ಲ. ಅದು ನಿನ್ನದು. ಲೈಸೆನ್ಸ್ ಕಚೇರಿಯವರದ್ದೂ ಅಲ್ಲ.

ಅಮ್ಮ


ಮನೆಯಿಂದ
ಅಕ್ಟೋಬರ್ ೯

ಅಪ್ಪ,

ನಿನಗೆ ನಾನು ಯಾವತ್ತೂ ಕಾಗದ ಬರೆದವಳಲ್ಲ. ಬರೆಯುವಷ್ಟು ದೂರ ನೀನು ಯಾವತ್ತು ಹೋಗಿದ್ದೆ?

ಅಲ್ಲಿ ನಾನಿದ್ದೆ. ಕೊಳವೆಯ ಬಾಯಲ್ಲಿ ಹುಲ್ಲು ಸಿಕ್ಕಿಕೊಂಡಿತ್ತು, ಬಗ್ಗಿ ಕೀಳುತ್ತಿದ್ದೆ. ನೀನು ಕನ್ನಡಿಯಲ್ಲಿ ನೋಡಿದ್ದು ನನಗೆ ಕಾಣಿಸಿತು. ನನ್ನನ್ನೇ ನೋಡಿದೆ ಅಂದುಕೊಂಡು ಅಲ್ಲೇ ಉಳಿದೆ. ಲಾರಿ ನಿಲ್ಲಲಿಲ್ಲ. ಕೂಗಿದೆ, ಎಂಜಿನ್ ಸದ್ದಿನಲ್ಲಿ ನಿನಗೆ ಕೇಳಿಸಿರಲಾರದು. ಏಣಿಗೆ ಹಾರಿ ಹಿಡಿದುಕೊಂಡೆ. ಕಾಲಿನ ಕೆಳಗೇ ಕೊಳವೆ ಮುರಿಯಿತು.

ನೀನು ಇಳಿದು ಬಂದಾಗ ನಿನ್ನ ಮುಖ ಸುಣ್ಣದ ಹಾಗಾಗಿತ್ತು. ಕೊಳವೆ ಹಾಳಾದದ್ದಕ್ಕೇ ಆ ಮುಖವಾದರೆ, ನಾನಿದ್ದೆ ಅಂತ ಗೊತ್ತಾದರೆ ಏನಾಗುತ್ತದೋ ಅನ್ನಿಸಿತು. ಅದಕ್ಕೇ ಬ್ರೇಕ್ ಅಂದೆ. ನಿನ್ನನ್ನು ಉಳಿಸಿದೆ ಅಂದುಕೊಂಡೆ. ಆಮೇಲೆ ಪಾಸು ಕೊಟ್ಟು ಕಳಿಸಿದೆ, ಅದು ನಿನ್ನ ಸುಖಕ್ಕಲ್ಲ, ನನ್ನ ಸುಖಕ್ಕೆ. ಅಮ್ಮನನ್ನು ನಿನ್ನ ಪಕ್ಕದಲ್ಲಿ ಕೂರಿಸಿದೆ.

ನನಗೆ ನಿನ್ನ ಮೇಲೆ ಕೋಪವಿಲ್ಲ. ಆವತ್ತೂ ಇರಲಿಲ್ಲ. ಹೆದರಿಕೆಯಿತ್ತು, ಅದನ್ನು ಹೇಳಲು ಬರಲಿಲ್ಲ.

ಅಗಸೆ ಹಣ್ಣಾಗಿದೆ. ಮುಂದಿನ ವಾರದ ಕೊನೆಗೆ ನಾಲ್ಕು ಒಣ ದಿನ ಇವೆ ಅನ್ನುತ್ತಾರೆ. ವೇಡ್‌ಗೆ ಬೆನ್ನು ನೋವು. ಮನೆಗೆ ಬಾ.

ಡಾರ್ಕಾ


ಸ್ವಿಫ್ಟ್ ಕರೆಂಟ್
ಅಕ್ಟೋಬರ್ ೧೪

ಡಾರ್ಕಾ,

ನಿನ್ನ ಕಾಗದ ಓದಿದೆ. ನಿಮ್ಮಮ್ಮ ಓದಿ ಹೇಳಲಾ ಅಂದಳು, ಬೇಡ ಅಂದೆ. ಅಷ್ಟು ಕಾಣುತ್ತದೆ.

ಇಲ್ಲಿ ಕಣ್ಣಿನ ಡಾಕ್ಟರಿಗೆ ತೋರಿಸಿದೆವು. ಸುಮಾರು ವರ್ಷದಿಂದ ದೃಷ್ಟಿ ನಿಧಾನವಾಗಿ ಹೋಗುತ್ತಾ ಬಂದಿದೆಯಂತೆ. ಹೋದದ್ದು ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಲು ಕಣ್ಣಿಗೆ ಔಷಧಿ ಬಿಟ್ಟುಕೊಳ್ಳಬೇಕು. ಯಾವಾಗ ಗೊತ್ತಾಯಿತು ಎಂದು ಕೇಳಿದ ಆ ಡಾಕ್ಟರ್ ಹುಡುಗ. ಚರ್ಚಿನ ಮುಂದೆ, ಹೆಂಡತಿ ಹೇಳಿದಾಗ ಅಂದೆ.

ನಾನು ಆ ದಿನವನ್ನು ಮತ್ತೆ ಮತ್ತೆ ನೆನಪು ಮಾಡಿಕೊಂಡು ನೋಡುತ್ತಿದ್ದೇನೆ. ಕಣಜ ಕಾಣುತ್ತದೆ, ಕೊಳವೆ ಕಾಣುತ್ತದೆ, ಆಕಾಶದಲ್ಲಿ ಬಾತುಕೋಳಿ ಹೋಗುತ್ತಿದ್ದದ್ದೂ ನೆನಪಿದೆ. ನೀನು ಕಾಣುವುದಿಲ್ಲ. ಯಾವ ಅಂಗಿ ಹಾಕಿದ್ದೆ ಹೇಳು. ಅಷ್ಟು ಗೊತ್ತಾದರೆ ನಿನ್ನನ್ನು ಅಲ್ಲಿ ನೋಡಬಹುದೇನೋ. ಒಂದು ಸಲ ನೋಡಬೇಕು, ಇಲ್ಲದಿದ್ದರೆ ನನಗೆ ಸಮಾಧಾನವಿಲ್ಲ.

ನೀನು ಸುಳ್ಳು ಹೇಳಬಾರದಿತ್ತು. ನಾನೂ ಅದನ್ನು ಅಷ್ಟು ಬೇಗ ನಂಬಬಾರದಿತ್ತು.

ಶುಕ್ರವಾರ ಮನೆಗೆ ಬರುತ್ತೇವೆ. ನಿಮ್ಮಮ್ಮ ನಿಧಾನವಾಗಿ ಓಡಿಸುತ್ತಾಳೆ, ಬೈದರೆ ಇನ್ನೂ ನಿಧಾನ ಮಾಡುತ್ತಾಳೆ. ನಿನ್ನೆ ಕಾಡೆಮ್ಮೆ ನೋಡಬೇಕು ಅಂತ ರಸ್ತೆಯಲ್ಲೇ ನಿಲ್ಲಿಸಿಬಿಟ್ಟಳು. ದನ ಅವು. ನಾನು ಏನೂ ಹೇಳಲಿಲ್ಲ.

ಅಗಸೆಗೆ ಲಾರಿ ಅವಳು ಓಡಿಸುತ್ತಾಳಂತೆ. ನನಗೆ ಏನು ಕೆಲಸ ಅಂತ ನೀನೇ ಹೇಳು. ಎಲ್ಲಿ ನಿಲ್ಲು ಅಂತೀಯೋ ಅಲ್ಲಿ ನಿಲ್ಲುತ್ತೇನೆ.

ಅಪ್ಪ